ಚನ್ನವೀರನ ಹಗಲು ನಾಟಕ

ಚನ್ನವೀರ ಊರಿನವರಿಂದ ಒಂದೇ ಒಂದು ಮಾತು ಮುಚ್ಚಿಟ್ಟ. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ಹಾಗೆ ನೋಡಿದರೆ ಮಾತು ಮುಚ್ಚಿಡುವ ಸ್ವಭಾವ ಅವನದಲ್ಲ. ಮೂರು ತಿಂಗಳ ಹಿಂದೆ ಲಿಂಗಸೂಗೂರಿನಲ್ಲಿ ಹತ್ತು ದಿನದ ರಂಗ ಶಿಬಿರ ಮುಗಿಸಿ ಬಳಗಾನೂರಿಗೆ ಮರಳಿದಾಗಿನಿಂದ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಹೋಗುವಾಗ ಗೊಬ್ಬರದಂಗಡಿ ಮರಿಸ್ವಾಮಿಯವರ ಮಗನಾಗಿದ್ದವನು ಬರುವಾಗ ರಂಗಕರ್ಮಿಯಾಗಿದ್ದ. ಗಡ್ಡ ಬಿಟ್ಟ. ಮೊಣಕಾಲು ಮುಟ್ಟುವ ಜುಬ್ಬಾ ಹೊಲಿಸಿದ. ಹೆಗಲಿಗೊಂದು ಜೋಳಿಗೆ ಬಂತು. ಜೋಳಿಗೆಯೊಳಗೆ ‘ರಂಗಭೂಮಿಯ ಮೂಲಪಾಠಗಳು’ ಎಂದು ಕೆಂಪು ಶಾಯಿಯಲ್ಲಿ ಬರೆದ ನೋಟುಬುಕ್ಕು. ಒಮ್ಮೆ ಯೂರಿಯಾ ಕೇಳಲು ಬಂದ ರೈತನಿಗೆ ನಾಟಕದ ಐದು ಹಂತಗಳನ್ನು ವಿವರಿಸಲು ಹೋಗಿದ್ದ. ಮೂರನೇ ಹಂತ ಮುಟ್ಟುವಷ್ಟರಲ್ಲಿ ರೈತ ಎದುರಿನ ಅಂಗಡಿಯಲ್ಲಿ ಯೂರಿಯಾ ಕೊಂಡು ಟ್ರ್ಯಾಲಿಗೆ ಹೇರುತ್ತಿದ್ದ.

ಮುಚ್ಚಿಟ್ಟ ಮಾತು ಇದು. ಲಿಂಗಸೂಗೂರಿನ ಒಂದು ವಸತಿ ಶಾಲೆಗೆ ನಾಟಕದ ಮಾಸ್ತರರು ಬೇಕಾಗಿದ್ದರು. ಚನ್ನವೀರ ಅರ್ಜಿ ಹಾಕಿದ್ದ. ‘ನಿಮ್ಮೂರಿನವರಿಂದಲೇ ನೀವು ಆಡಿಸಿದ ನಾಟಕವನ್ನು ಶುಕ್ರವಾರ ಸಂಜೆ ನಾಲ್ಕಕ್ಕೆ ಬಂದು ನೋಡುತ್ತೇವೆ, ಆಮೇಲೆ ತೀರ್ಮಾನ’ ಎಂದು ಕಾಗದ ಬಂದಿತ್ತು.

ಕಾಗದ ಓದಿದ ಮರಿಸ್ವಾಮಿ ಕನ್ನಡಕ ತೆಗೆದು ಹೇಳಿದ್ದರು: “ಸಿಕ್ಕರ ಹೋಗು, ನಾ ಅಡ್ಡ ಬರಂಗಿಲ್ಲ. ಸಿಗಲಿಲ್ಲಂದ್ರ ಶನಿವಾರ ಮುಂಜಾನಿಯಿಂದ ಅಂಗಡ್ಯಾಗ ಕುಂದರಬೇಕು. ಮುಂದ ಈ ಮನ್ಯಾಗ ನಾಟಕ ಅನ್ನೋ ಸೊಲ್ಲು ಏಳಬಾರದು.”

ತಾಯಿ ಶೇಖರಮ್ಮನದು ಬೇರೆಯೇ ಚಿಂತೆ. “ಕೈಗೆ ಬರೂತನಕ ಯಾರ ಮುಂದೂ ಬಾಯಿಬಿಡಬ್ಯಾಡಪಾ. ಮಂದಿ ಕಣ್ಣು ಸುಮ್ಮನಿರಂಗಿಲ್ಲ” ಎಂದು ಮಗನಿಂದ ಆಣೆ ಮಾಡಿಸಿಕೊಂಡಿದ್ದಳು. ಶುಕ್ರವಾರ ಮೊದಲ ಬಸ್ಸಿಗೇ ಮಸ್ಕಿ ಮಲ್ಲಯ್ಯನಿಗೆ ಕಾಯಿ ಒಡೆಸಲು ಹೋದಳು.

ಹೀಗಾಗಿ ಊರಿನವರು, “ನಾಟಕ ಅಂದ್ರ ರಾತ್ರಿ ಆಡೋದು, ಹಗಲಾಗ ಯಾಕಪಾ?” ಎಂದು ಕೇಳಿದಾಗಲೆಲ್ಲ ಚನ್ನವೀರ, “ಆಧುನಿಕ ರಂಗಭೂಮಿಗೆ ಸೂರ್ಯನಽ ದೀಪ” ಎಂದು ಹೇಳಿ ಪಾರಾಗಿದ್ದ. ಊರಿನವರು ಸೂರ್ಯನನ್ನು ಒಮ್ಮೆ ನೋಡಿ, ಅವನನ್ನು ಒಮ್ಮೆ ನೋಡಿ, ತಮ್ಮ ದಾರಿ ಹಿಡಿದಿದ್ದರು.

ಅವನ ನಾಟಕದ ಹೆಸರು ‘ತೂಬು’. ಕಾಲುವೆಯ ಮೇಲ್ಭಾಗದಲ್ಲಿ ತಮ್ಮನ ಹೊಲ, ತಟ್ಟತುದಿಯಲ್ಲಿ ಅಣ್ಣನ ಹೊಲ. ನೀರಿನ ಪಾಳಿಗೆ ಜಗಳ. ಕೊನೆಗೆ ಅಣ್ಣ ತೂಬಿನ ಬಳಿಯೇ ಪ್ರಾಣ ಬಿಡುತ್ತಾನೆ. ಎರಡೇ ಪಾತ್ರ. ಖಾಲಿ ರಂಗ. ನಡುವೆ ತೂಬು ಎತ್ತುವ ಕಬ್ಬಿಣದ ಚಕ್ರ ಒಂದೇ. ಹಾಡಿಲ್ಲ, ಹಾರ್ಮೋನಿಯಂ ಇಲ್ಲ, ಪರದೆ ಇಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಚನ್ನವೀರ ಸಂತೆಕಟ್ಟೆಗೆ ಬಂದು ನೋಡಿದರೆ ಖಾಲಿ ಇರಬೇಕಾದ ರಂಗ ಬೀಗರೂಟದ ಮನೆಯಂತೆ ತುಂಬಿಕೊಂಡಿತ್ತು. ಹಿಂದೆ ಅರಮನೆಯ ಪರದೆ. ಅದರಲ್ಲಿ ಎಂಟು ಕಂಬ, ಎರಡು ನವಿಲು, ನಗುತ್ತಿರುವ ಒಂದು ಸಿಂಹ. ಎರಡೂ ಮಗ್ಗುಲಿಗೆ ಮಖಮಲ್ಲಿನ ಬಟ್ಟೆ. ಮುಂದೆ ಪ್ಲಾಸ್ಟಿಕ್ ಹೂವಿನ ಕಮಾನು. ನಟ್ಟನಡುವೆ ಕೆಂಪು ಸೋಫಾ. ತೂಬಿನ ಚಕ್ರ ಸೋಫಾದ ಹಿಂದೆ ಹಳೇ ಸೈಕಲ್ಲಿನಂತೆ ಒರಗಿತ್ತು.

ಶಾಮಿಯಾನದ ದುರುಗೇಶ ಏಣಿಯಿಂದ ಇಳಿದು ಬಂದ. “ಹ್ಯಾಂಗೈತಣ್ಣ?”

“ಏನಲೇ ಇದು?”

“ಬಾಡಿಗಿ ಬ್ಯಾಡಣ್ಣ, ಹಂಗಽ ಕಟ್ಟೀನಿ. ನಮ್ಮೂರಾಗ ನಮ್ಮ ಹುಡುಗ ನಾಟಕ ಆಡಸಾಕತ್ತಾನ, ಬರೇ ಕಟ್ಟಿ ಮ್ಯಾಲೆ ಆಡಿದ್ರ ನನಗ ಮರ್ಯಾದಿ ಏನು? ಸೋಫಾ ನಿನ್ನೆ ಸಿಂಧನೂರ ಮದುವ್ಯಾಗಿಂದು.”

“ನಾಟಕದಾಗಿನ ಅಣ್ಣ ಹೊಲದಾಗ ನೀರ ಹಾಯಸಾವ. ಹೊಲದಾಗ ಸೋಫಾ ಇರತೈತೇನು?”

“ದಣದಿರ್ತಾನಲ್ಲಣ್ಣ ಪಾಪ, ಒಂದೀಟು ಕುಂದರಲಿ.”

ಚನ್ನವೀರ ನೋಟುಬುಕ್ಕು ತೆಗೆದ. “ನೋಡು ದುರುಗೇಶಾ, ರಂಗಕ್ಕ ಹಿಂದೊಂದು, ಆ ಕಡಿಗೊಂದು, ಈ ಕಡಿಗೊಂದು ಗೋಡಿ ಅನ್ಕೋ. ಮಂದಿ ಕುಂತ ಕಡಿಗೆ ನಾಲ್ಕನೇ ಗೋಡಿ ಇರತೈತಿ. ಅದು ಕಾಣಂಗಿಲ್ಲ. ಆದ್ರ ನಟರು ಅದು ಐತಂತಽ ತಿಳಕೊಂಡು ಆಡಬೇಕು. ಇಷ್ಟು ಇದ್ರ ಸಾಕು, ಸೋಫಾ ಯಾಕ ಬೇಕು?”

ದುರುಗೇಶ ಉಳಿದ ಬಟ್ಟೆಯ ಗಂಟನ್ನು ಬಿಚ್ಚಿ ನೋಡಿ ತಲೆ ಕೆರೆದುಕೊಂಡ. “ನಾಲ್ಕನೇ ಗೋಡಿಗೆ ಬಟ್ಟಿ ಸಾಲಂಗಿಲ್ಲಣ್ಣ. ಬೇಕಂದ್ರ ಮಸ್ಕಿಯಿಂದ ತರಸ್ತೀನಿ. ಆದ್ರ ಅದೊಂದು ಕಟ್ಟಿಬಿಟ್ರ ಮಂದಿಗೆ ನಾಟಕ ಹ್ಯಾಂಗ ಕಾಣತೈತಿ?”

ಚನ್ನವೀರನಿಗೆ ಎರಡು ಬಿಗಿಯಬೇಕೆನ್ನಿಸಿತು. ಆದರೆ ನಸುಕಿನಲ್ಲಿ ಎದ್ದು ಒಬ್ಬನೇ ಹಗ್ಗ ಎಳೆದ ದುರುಗೇಶನ ಅಂಗೈ ಇನ್ನೂ ಕೆಂಪಗಿತ್ತು. ಅಂಥ ಅಂಗೈಗೆ ಏನೆಂದು ಬೈಯುವುದು? ಸೋಫಾದ ಮೇಲೆ ತಾನೇ ಕುಸಿದು ಕುಳಿತ.

ಒಂಬತ್ತಕ್ಕೆ ನಟರು ಬಂದರು. ಅಣ್ಣನ ಪಾತ್ರಕ್ಕೆ ಬಸ್ಸಪ್ಪ. ಐವತ್ತೈದರ ಬಸ್ಸಪ್ಪ ಊರಿನ ಖಾಯಂ ನಾಯಕ. ಅವನ ಮೀಸೆ ಅವನಿಗಿಂತ ಅರ್ಧ ನಿಮಿಷ ಮೊದಲೇ ರಂಗಕ್ಕೆ ಬರುತ್ತಿತ್ತು. ತಮ್ಮನ ಪಾತ್ರಕ್ಕೆ ಟ್ರ್ಯಾಕ್ಟರ್ ಓಡಿಸುವ ನರಸಣ್ಣ. ಅವರ ಹಿಂದೆ, ಯಾರೂ ಕರೆಯದಿದ್ದರೂ, ಹಾರ್ಮೋನಿಯಂ ಹೊತ್ತ ಉಸ್ಮಾನ್‌ಸಾಬ್ ಮಾಸ್ತರು. ನಲವತ್ತು ವರ್ಷ ಊರಿಗೆ ನಾಟಕ ಕಲಿಸಿದ ಮುದುಕ. ಹೊಸ ರಂಗಭೂಮಿಯಲ್ಲಿ ಹಾರ್ಮೋನಿಯಂಗೆ ಜಾಗವಿಲ್ಲ ಎಂದು ಚನ್ನವೀರ ಹದಿನೈದು ದಿನದ ಹಿಂದೆಯೇ ಅವರಿಗೆ ಹೇಳಿಬಿಟ್ಟಿದ್ದ.

“ನುಡಸಂಗಿಲ್ಲ ಬೇಟಾ” ಎಂದರು ಮಾಸ್ತರು, ಪೆಟ್ಟಿಗೆಗೆ ಬಟ್ಟೆ ಹೊಚ್ಚುತ್ತ. “ಮಗ್ಗಲಾಗ ಇಟ್ಕೊಂಡು ಸುಮ್ನ ಕುಂದರ್ತೀನಿ. ಮನ್ಯಾಗ ಅದೊಂದಽ ಕುಂತಿರತೈತಿ, ಪಾಪ.”

ಚನ್ನವೀರ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುಡ್ಡದಂಥ ಒಂದು ಗೆರೆ ಎಳೆದ. “ಇದು ನಾಟಕದ ಕಟ್ಟಡ. ಇಲ್ಲಿ ಆರಂಭ. ಇಲ್ಲಿಂದ ಜಗಳ ಏರತೈತಿ. ಇದು ತುದಿ, ಪರಾಕಾಷ್ಠೆ. ಆಮ್ಯಾಲೆ ಇಳಿತ. ಕಡೀಕ ಮುಕ್ತಾಯ.”

“ಇದರಾಗ ನಾ ಎಲ್ಲಿ ಸಾಯ್ತೀನಿ?” ಬಸ್ಸಪ್ಪ ಕೇಳಿದ.

“ಇಲ್ಲಿ ಕಾಕಾ, ಇಳಿತದ ಬುಡದಾಗ.”

“ಅಂದ್ರ ಮಂದಿ ಚಪ್ಪಲಿ ಹುಡಕೋ ಹೊತ್ತಿಗೆ. ಎಷ್ಟೊತ್ತು ಸಾಯಬೇಕು?”

“ಅರ್ಧ ನಿಮಿಷ.”

ಬಸ್ಸಪ್ಪನ ಮೀಸೆ ಎರಡೂ ತುದಿಯಲ್ಲಿ ಅದುರಿತು. “ಅರ್ಧ ನಿಮಿಷ! ಲೇ ಚನ್ನವೀರಾ, ಈ ಊರಾಗ ನಾ ಇಪ್ಪತ್ತು ನಿಮಿಷಕ್ಕ ಕಡಿಮಿ ಎಂದೂ ಸತ್ತಿಲ್ಲ. ಬೇಕಾರ ಯಾರನಾರ ಕೇಳು. ಹಾಡಿಲ್ಲ, ಹೆಣ್ಣುಪಾತ್ರ ಇಲ್ಲ, ಹಾಸ್ಯದಾವ ಇಲ್ಲ. ಸಾವನೂ ಕಡಿಮಿ ಮಾಡಿದ್ರ ಮಂದಿ ಏನ ನೋಡಬೇಕು, ನನ್ನ ಮೀಸೀನ?”

“ಕಾಕಾ, ಇದು ದುರಂತ ನಾಟಕ. ಪೌರಾಣಿಕ ಬ್ಯಾರೆ, ಹಾಸ್ಯ ಬ್ಯಾರೆ, ಸಾಮಾಜಿಕ ಬ್ಯಾರೆ, ಅಸಂಗತ ಅಂತನಽ ಒಂದು ಬ್ಯಾರೆ ಐತಿ. ನಾಟಕದಾಗ ಎಷ್ಟು ತರ ಅದಾವ ಗೊತ್ತೇನು?”

“ಎರಡಽ ತರ. ಮಂದಿ ಕುಂತು ನೋಡಿದ್ದು, ಮಂದಿ ಎದ್ದು ಹೋಗಿದ್ದು.”

ಉಸ್ಮಾನ್‌ಸಾಬ್ ಮಾಸ್ತರು ನಗು ಬಂದದ್ದನ್ನು ಕೆಮ್ಮು ಮಾಡಿಕೊಂಡರು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನ ಆದಮ್ಮ ಒಂದು ಪುಟ್ಟಿ ಮಿರ್ಚಿ ಭಜಿ ಹೊತ್ತು ತಂದಳು. ಚನ್ನವೀರ ಹುಟ್ಟಿದಾಗ ಮೊದಲ ನೀರು ಹಾಕಿದವಳು ತಾನು ಎಂಬ ಹಕ್ಕಿನ ಮೇಲೆ ಅವನ ಮೂವತ್ತೊಂದು ವರ್ಷದ ಬದುಕನ್ನು ಅವಳೇ ನಡೆಸುತ್ತ ಬಂದಿದ್ದಳು.

“ತಿನ್ರೋ, ಖಾಲಿ ಹೊಟ್ಟ್ಯಾಗ ಎಂಥಾ ನಾಟಕ! ಚನ್ನಾ, ಈ ಗಡ್ಡ ಯಾವಾಗ ತಗಿತೀ? ಗೊರೇಬಾಳದೋರು ಹೆಣ್ಣ ಕೊಡಾಕ ಬಂದೋರು ಈ ಗಡ್ಡಾ, ಈ ನಾಟಕದ ಹುಚ್ಚು ನೋಡಿ ಚಾನೂ ಕುಡೀಲಾರದಽ ಹೊಳ್ಳಿ ಹೋದ್ರು.”

“ಗಡ್ಡ ನನ್ನ ಅಸ್ಮಿತೆ, ಚಿಗವ್ವಾ.”

“ಅದೇನರ ಇರವಲ್ದ್ಯಾಕ, ಬೋಳಿಸಿದ್ರ ಹೋಗತೈತಿಲ್ಲ?”

ಹನ್ನೊಂದರ ತನಕ ಹೀಗೆಯೇ ನಡೆಯಿತು. ಹನ್ನೊಂದಕ್ಕೆ ಆದಮ್ಮ ಮತ್ತೆ ಬಂದಳು. ಈ ಸಲ ಪುಟ್ಟಿ ಇರಲಿಲ್ಲ, ಸೆರಗು ಹೆಗಲಲ್ಲಿರಲಿಲ್ಲ, ಉಸಿರು ಮೈಯಲ್ಲಿರಲಿಲ್ಲ. ಬಸ್ಸಪ್ಪನನ್ನು ಪರದೆಯ ಹಿಂದಕ್ಕೆ ಎಳೆದುಕೊಂಡು ಹೋಗಿ ಏನೋ ಪಿಸುಗುಟ್ಟಿದಳು. ಆಮೇಲೆ ನರಸಣ್ಣನನ್ನು. ಆಮೇಲೆ ದುರುಗೇಶನನ್ನು. ಕೊನೆಗೆ ಮಾಸ್ತರರನ್ನು. ಎಲ್ಲರೂ ಹೊರಗೆ ಬಂದವರು ಚನ್ನವೀರನನ್ನು ಮೊದಲ ಸಲ ನೋಡುವವರಂತೆ ಅಡಿಯಿಂದ ಮುಡಿವರೆಗೆ ನೋಡಿದರು.

“ಚನ್ನಾ, ನಿಮ್ಮಪ್ಪಗ ಎದಿಯಾಗ ಸಂಕಟ ಆಗಾಕತ್ತೈತಂತ. ಓಡು ಅಂಗಡಿಗೆ!” ಎಂದಳು ಆದಮ್ಮ.

ಚನ್ನವೀರ ಜುಬ್ಬಾ ಎತ್ತಿಕೊಂಡು ಓಡಿದ. ಮರಿಸ್ವಾಮಿ ಗಲ್ಲೆಯ ಹಿಂದೆ ಕುಳಿತು ಮಂಡಾಳ ಒಗ್ಗರಣೆ ತಿನ್ನುತ್ತಿದ್ದರು.

“ಯಪ್ಪಾ, ಎದಿ ಹ್ಯಾಂಗೈತಿ?”

“ನೀ ಬರೂತನಕ ಚಲೋ ಇತ್ತು. ಬಂದೀಯಲ್ಲ, ಕುಂದರು. ನಾ ಮನಿಗೆ ಹೋಗಿ ಪೂಜಿ ಮುಗಿಸಿ ಬರ್ತೀನಿ.”

ಅಪ್ಪ ಹೋದರು. ಚನ್ನವೀರ ಬಾಗಿಲು ಎಳೆದುಕೊಂಡು ಹೊರಡಬೇಕೆನ್ನುವಷ್ಟರಲ್ಲಿ ಗಿರಾಕಿಗಳು ಬಂದರು. ಒಬ್ಬರಲ್ಲ, ಇಬ್ಬರಲ್ಲ, ಸಂತೆ ದಿನವೂ ಬಾರದಷ್ಟು ಜನ. ಒಬ್ಬ ಬೀಜ ತೂಗು ಎಂದ. ತೂಗಿದ ಮೇಲೆ ಇನ್ನೊಮ್ಮೆ ತೂಗು ಎಂದ. ಒಬ್ಬ ಯೂರಿಯಾದ ಚೀಲವನ್ನು ಹೆಣ್ಣು ನೋಡುವವನಂತೆ ಸುತ್ತು ಹಾಕಿ ನೋಡಿದ. ಅಂಗೈಯಗಲ ಹೊಲವೂ ಇಲ್ಲದ ರಹೀಮಾಬೀ, ಬಸ್‌ಸ್ಟ್ಯಾಂಡಿನಲ್ಲಿ ಬಳೆ ಮಾರುವವಳು, ಡಿಎಪಿ ಹಾಕಿದರೆ ನೆಲ್ಲು ಎಷ್ಟು ಎತ್ತರ ಬರುತ್ತದೆ ಎಂದು ವಿಚಾರಿಸಿದಳು.

“ಬೂವಾ, ನಿಮಗ್ಯಾಕ ಡಿಎಪಿ?”

“ಮನಿ ಮುಂದ ಒಂದು ಗುಲಾಬಿ ಗಿಡ ಐತಿ ಬೇಟಾ. ಭಾಳ ಸೊರಗೈತಿ.”

ಒಂದು ಗುಲಾಬಿಗೆ ಐವತ್ತು ಕಿಲೋ ಚೀಲ ಕೇಳುವ ಹೆಂಗಸನ್ನು ಏನು ಮಾಡುವುದು? ಅವನು ತೂಗಿದ, ಕಟ್ಟಿದ, ಬೆವರಿದ. ಬೂದು ಬಣ್ಣದ ಕಾರೊಂದು ಅಂಗಡಿಯ ಮುಂದೆ ನಿಧಾನವಾಗಿ ಹಾದುಹೋಯಿತು. ಅವನು ಆಗ ತಕ್ಕಡಿಯ ಮುಳ್ಳು ನೋಡುತ್ತಿದ್ದ.

ಎರಡಕ್ಕೆ ಅಪ್ಪ ಬಂದರು, ಅವರ ಹಿಂದೆಯೇ ನರಸಣ್ಣ ಬೈಕಿನ ಮೇಲೆ. “ಚನ್ನವೀರಣ್ಣ, ಘಾತ ಆತು. ಬಸ್ಸಪ್ಪ ಕಾಕಾ ಪಾತ್ರ ಮಾಡಂಗಿಲ್ಲ ಅಂತ ಸಿಟ್ಟಾಗಿ ಕುಂತಾನ.”

“ಯಾಕ?”

“ನಿನ್ನ ಗಡ್ಡ ಅವನ ಮೀಸಿಗಿಂತ ದೊಡ್ಡದಾತಂತ. ಊರಾಗ ಒಂದು ನಾಟಕಕ್ಕ ಒಂದಽ ಮುಖ ಇರಬೇಕಂತ. ಗಡ್ಡ ತಗದ್ರ ಬರ್ತಾನಂತ, ಇಲ್ಲಂದ್ರ ಇಲ್ಲಂತ.”

ಚನ್ನವೀರನಿಗೆ ಅಳು ಬಂತು. ಬಂದ ಅಳುವನ್ನು ನುಂಗಿಕೊಂಡ. ಕಲೆ ಕೆಲವೊಮ್ಮೆ ಬಲಿ ಬೇಡುತ್ತದೆ ಎಂದು ಶಿಬಿರದಲ್ಲಿ ಹೇಳಿದ್ದರು. ಕೆನ್ನೆಯಿಂದ ಶುರು ಮಾಡುತ್ತದೆ ಎಂದು ಹೇಳಿರಲಿಲ್ಲ. ನರಸಣ್ಣ ಅವನನ್ನು ಕ್ಷೌರದಂಗಡಿಗೆ ಕರೆದೊಯ್ದು, ಮುಗಿಯುವ ತನಕ ಕೈ ಹಿಡಿದು ನಿಂತ. ಕನ್ನಡಿಯಲ್ಲಿ ಮೂರು ತಿಂಗಳ ಹಿಂದಿನ ಗೊಬ್ಬರದಂಗಡಿ ಹುಡುಗ ಮತ್ತೆ ಕಾಣಿಸಿಕೊಂಡ.

ಮೂರಕ್ಕೆ ಕಟ್ಟೆಯ ಕಡೆ ಓಡುವಾಗ ಎದುರಿಗೆ ರಹೀಮಾಬೀ ಚಹಾ ತರುತ್ತಿದ್ದಳು. ರಸ್ತೆ ಅಷ್ಟು ಅಗಲವಿದ್ದರೂ ಚಹಾ ನೇರವಾಗಿ ಬಂದು ಜುಬ್ಬಾದ ಮೇಲೆಯೇ ಚೆಲ್ಲಿತು.

“ಹಾಯ್ ಅಲ್ಲಾ! ತಪ್ಪಾತು ಬೇಟಾ. ಬಾ, ಇದನ್ನ ಹಾಕ್ಕೋ.” ಅವಳ ಇನ್ನೊಂದು ಕೈಯಲ್ಲಿ ಮಗ ಈದಿಗೆ ಹೊಲಿಸಿಕೊಂಡಿದ್ದ ಬಿಳಿ ಅಂಗಿ ಇತ್ತು. ಚಹಾ ಚೆಲ್ಲುವ ಮೊದಲೇ ಅಂಗಿಗೆ ಇಸ್ತ್ರಿಯಾಗಿತ್ತು, ಜೇಬಿಗೆ ಪೆನ್ನು ಸಿಕ್ಕಿಸಿತ್ತು ಎಂಬುದು ಆ ಗಡಿಬಿಡಿಯಲ್ಲಿ ಚನ್ನವೀರನಿಗೆ ಹೊಳೆಯಲಿಲ್ಲ. ಅಂಗಿ ಹಾಕಿಕೊಂಡು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಆದಮ್ಮ ಅಡ್ಡ ಬಂದು ಹಣೆಗೆ ಮೂರು ಬೆರಳು ವಿಭೂತಿ ಎಳೆದಳು.

“ಈಗ ಮನಷಾ ಆದಿ ನೋಡು” ಎಂದು ಅವನ ಗಲ್ಲ ಹಿಂಡಿದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಬೂದು ಕಾರು ಕಟ್ಟೆಯ ಮುಂದೆ ನಿಂತಿತು. ಕನ್ನಡಕದ, ಗಂಭೀರ ಮುಖದ ಹೆಂಗಸೊಬ್ಬರು ಇಳಿದು ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಕಿರುಪುಸ್ತಕ ತೆರೆದರು. ಆಯ್ಕೆ ಮಾಡಲು ಬಂದ ಅಮರೇಶ್ವರಿ ಮೇಡಂ ಇವರೇ ಎಂದು ಚನ್ನವೀರನಿಗೆ ತಿಳಿಯಿತು. ನಿರ್ದೇಶಕನಾಗಿ ನಾಲ್ಕು ಮಾತಾಡಲು ಅವನು ಮೆಟ್ಟಿಲ ಕಡೆ ನುಗ್ಗಿದ. ಅವನಿಗಿಂತ ಮೊದಲು ಮೈಕು ಮಾತಾಡಿತು. ದುರುಗೇಶನ ದನಿ.

“ಹಲೋ, ಹಲೋ. ಈಗ ‘ತೂಬು’ ಎಂಬ ನಾಟಕ. ಈ ನಾಟಕವನ್ನು ಬರೆದು, ಕಲಿಸಿ, ಆಡಿಸುತ್ತಿರುವವರು ನಮ್ಮೂರಿನ ಹೆಮ್ಮೆಯ ಉಸ್ಮಾನ್‌ಸಾಬ್ ಮಾಸ್ತರು!”

ಪರದೆಯ ಮಗ್ಗುಲಿಂದ ಮಾಸ್ತರು ಬಂದು, ತಪ್ಪು ಮಾಡಿದ ಹುಡುಗನಂತೆ ನೆಲ ನೋಡುತ್ತ ಕೈಮುಗಿದು, “ಹೌದ್ರಿ, ನಂದಽ” ಎಂದು ಹೇಳಿ ಒಳಗೆ ಓಡಿದರು.

“ಸುಳ್ಳು!” ಎಂದು ಚನ್ನವೀರ ಬಾಯಿ ತೆರೆಯುವಷ್ಟರಲ್ಲಿ ಬಲಗೈಯನ್ನು ಆದಮ್ಮ, ಎಡಗೈಯನ್ನು ರಹೀಮಾಬೀ ಹಿಡಿದು ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದರು.

“ಸುಮ್ನ ಕುಂದರೋ ಯಪ್ಪಾ. ನಿನ್ನ ಚಲೋದಕ್ಕಽ ಮಾಡಾಕತ್ತೀವಿ.”

ಚನ್ನವೀರನಿಗೆ ಎಲ್ಲವೂ ಸ್ಪಷ್ಟವಾಯಿತು. ಹಾರ್ಮೋನಿಯಂ ಮುಚ್ಚಿಸಿದ್ದಕ್ಕೆ ಮುದುಕ ಸೇಡು ತೀರಿಸಿಕೊಂಡಿದ್ದಾನೆ. ಸಾವು ಕಡಿಮೆ ಮಾಡಿದ್ದಕ್ಕೆ ಬಸ್ಸಪ್ಪ ಕೈಜೋಡಿಸಿದ್ದಾನೆ. ಇಡೀ ಊರು ಸೇರಿ ತನ್ನ ನಾಟಕವನ್ನು ಹಗಲು ದರೋಡೆ ಮಾಡಿದೆ.

ನಾಟಕ ನಡೆಯಿತು. ಬಸ್ಸಪ್ಪ ಸೋಫಾದ ಮೇಲೆ ಕುಳಿತೇ ನೀರು ಹಾಯಿಸಿದ. ಹಾರ್ಮೋನಿಯಂನ ಮೇಲಿನ ಬಟ್ಟೆ ಯಾವಾಗ ಸರಿಯಿತೋ, ಎರಡು ಹಾಡು ಬಂದು ಹೋದವು. ನಾಲ್ಕನೇ ಗೋಡೆಯನ್ನು ಬಸ್ಸಪ್ಪ ಮೊದಲ ಮಾತಿನಲ್ಲೇ ಕೆಡವಿ, “ನೀವಽ ಹೇಳ್ರಿ ದೈವದವರು, ಇದು ನ್ಯಾಯ ಏನು?” ಎಂದು ಜನರನ್ನೇ ಕೇಳಿದ. ಜನ ಒಂದೇ ದನಿಯಲ್ಲಿ “ಅನ್ಯಾಯ!” ಎಂದರು. ಆಮೇಲೆ ಸಾಯಲು ಶುರು ಮಾಡಿದ. ಸೋಫಾದಿಂದ ಉರುಳಿದ, ಎದ್ದ, ಚಕ್ರ ಹಿಡಿದ, ಹಾಡಿದ, ಮತ್ತೆ ಉರುಳಿದ. ಕೊನೆಗೊಮ್ಮೆ ಪ್ರಾಣ ಬಿಟ್ಟ ಮೇಲೆ ಮುದಗಲ್ಲಿನಿಂದ ಬಂದ ಅವನ ಅಳಿಯ ಕಟ್ಟೆ ಹತ್ತಿ ಟವೆಲ್ಲು ಹೊದಿಸಿದ. ನಮ್ಮ ಕಡೆ ಮೆಚ್ಚಿದ ನಟನಿಗೆ ಆಯೇರು, ಅಂದರೆ ಉಡುಗೊರೆ, ಮಾಡುವುದು ಆಟದ ನಡುವೆಯೇ. ಹೆಣ ಎದ್ದು ಕುಳಿತು, ಎಲ್ಲರಿಗೂ ಕೈಮುಗಿದು, ಟವೆಲ್ಲನ್ನು ನೀಟಾಗಿ ಹೊದ್ದುಕೊಂಡು ಮತ್ತೆ ಸತ್ತಿತು.

ಚನ್ನವೀರ ಕಣ್ಣು ಮುಚ್ಚಿಕೊಂಡ. ಆಗ ನರಸಣ್ಣನ ದನಿ ಕೇಳಿಸಿತು: “ಅಣ್ಣಾ, ನೀರ ಬಿಟ್ಟೀನೋ. ಪೂರಾ ಬಿಟ್ಟೀನಿ. ಒಮ್ಮೆ ಕಣ್ಣ ತಗದು ನೋಡೋ.”

ಅದು ಚನ್ನವೀರನೇ ಬರೆದ ಮಾತು. ಟ್ರ್ಯಾಕ್ಟರ್ ನರಸಣ್ಣ ನಿಜವಾಗಿಯೂ ಅಳುತ್ತಿದ್ದ. ಹಿಂದಿನ ಸಾಲುಗಳಲ್ಲಿ ಮೂಗು ಸೀಟುವ ಸದ್ದು. ಕಾಲುವೆ ನೀರಿಗಾಗಿ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಒಂದೇ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಮರೇಶ್ವರಿ ಮೇಡಂ ಕನ್ನಡಕ ತೆಗೆದು ಸೆರಗಿನ ತುದಿ ಕಣ್ಣಿಗೆ ಒತ್ತಿದರು. ಹೇಗೇ ಆಗಲಿ ಗೆದ್ದೆ ಎಂದುಕೊಂಡ ಚನ್ನವೀರ.

ನಾಟಕ ಮುಗಿದು ಮೇಡಂ ಎದ್ದ ಕೂಡಲೇ ಅವನು ಕೈ ಕೊಸರಿಕೊಂಡು ಓಡಿಹೋದ. ಊರೂ ಹಿಂದೆ ಬಂತು.

“ಮೇಡಂ, ನಾನು ಚನ್ನವೀರ. ಅರ್ಜಿ ಹಾಕಿದಾವ.”

ಮೇಡಂ ಅರ್ಜಿಯ ಮೇಲಿನ ಗಡ್ಡದ ಫೋಟೋ ನೋಡಿದರು, ವಿಭೂತಿಯ ನುಣ್ಣನೆ ಮುಖ ನೋಡಿದರು. “ನೋಡ್ರಿ ಚನ್ನವೀರ. ನಾ ಬೆಳಿಗ್ಗೆ ಹತ್ತೂವರಿಗೇ ಬಂದೀನಿ. ಯಾರೋ ಆಡಿಸಿದ ನಾಟಕ ತಮ್ಮದಂತ ತೋರಸೋರು ಭಾಳ ಆಗ್ಯಾರ. ಅದಕ್ಕ ನಾ ಯಾರು ಅಂತ ಹೇಳದಽ ಊರಾಗ ನಾಲ್ಕು ಮಂದಿನ್ನ ವಿಚಾರಿಸೋದು ನಮ್ಮ ಪದ್ಧತಿ. ಹುಡುಗ ಹ್ಯಾಂಗ, ನಡತಿ ಹ್ಯಾಂಗ, ನಾಟಕದಾಗ ಇರ್ತಾನಂತಲ್ಲ ಹೌದಾ, ಇಷ್ಟಽ ಕೇಳೀನಿ. ಏನ ಹೇಳ್ಯಾರ ಕೇಳ್ರಿ.” ಕಿರುಪುಸ್ತಕ ಓದತೊಡಗಿದರು. “ಹೋಟೆಲಿನ ಆದಮ್ಮ: ‘ಭಾಳ ಸಂಭಾವಿತ ಹುಡುಗ, ನಾಟಕದ ಹೆಸರು ಕೇಳಿದ್ರ ಎದ್ದು ಹೋಗ್ತಾನ.’ ಬಸ್ಸಪ್ಪ: ‘ಅಂಗಡಿ ಬಿಟ್ರ ಮನಿ, ಮನಿ ಬಿಟ್ರ ಅಂಗಡಿ.’ ನರಸಣ್ಣ: ‘ಹಾರ್ಮೋನಿಯಂ ಕಂಡ್ರ ಅವಂಗ ತಲಿಬ್ಯಾನಿ.’ ದುರುಗೇಶ: ‘ಅಂವ ಕಟ್ಟಿ ಹತ್ತಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ.’ ಒಟ್ಟು ಹನ್ನೊಂದು ಮಂದಿ. ನಾನಽ ಅಂಗಡಿ ಮುಂದ ಹೋದಾಗ ನೀವು ಗೊಬ್ಬರ ತೂಗಾಕತ್ತಿದ್ರಿ.”

ಚನ್ನವೀರನಿಗೆ ಈಗ ಹೊಳೆಯಿತು. ಹೊರಗಿನ ಹೆಂಗಸೊಬ್ಬರು ಕಾರಿನಲ್ಲಿ ಬಂದು ಮದುವೆಯಾಗದ ಹುಡುಗನ ನಡತೆ ವಿಚಾರಿಸಿದರೆ ಬಳಗಾನೂರಿನಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಅಂಥ ಹೊತ್ತಿನಲ್ಲಿ ಹುಡುಗನ ಮೇಲಿನ ಎಲ್ಲ ಕಲೆ ಒರೆಸಿ ತೋರಿಸುವುದು ಊರಿನ ಧರ್ಮ. ಜಗಳ ಕಾಯುವ ಮನೆಯವರೂ ಆ ದಿನ ಹೊಗಳುತ್ತಾರೆ. ಗಡ್ಡ, ಜುಬ್ಬಾ, ಡಿಎಪಿ, ಚಹಾ, ಬಿಳಿ ಅಂಗಿ ಎಲ್ಲ ಅವನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಇಡೀ ಊರು ಬೆಳಗಿನಿಂದ ತನಗಾಗಿ ಮೈಮುರಿದು ದುಡಿದಿತ್ತು.

“ಚಿಗವ್ವಾ!” ಎಂದು ಅವನು ಕೂಗಿದ. “ಇವರು ಹೆಣ್ಣಿನ ಕಡಿಯೋರಲ್ಲ! ನನಗ ನಾಟಕದ ಮಾಸ್ತರಕಿ ಕೆಲಸ ಕೊಡಾಕ ಬಂದೋರು!”

ಆದಮ್ಮನ ಬಾಯಿ ಭಜಿಯ ಬಾಣಲೆಯಷ್ಟು ತೆರೆಯಿತು. ಆದರೆ ಅವಳು ಅಷ್ಟಕ್ಕೆ ಸೋಲುವವಳಲ್ಲ. “ಹಂಗಾರ ಬರಕೊಳ್ರಿ ಮೇಡಮ್ಮಾರ! ಹುಟ್ಟಿದಾಗಿಂದ ನಾಟಕಾನಽ ಅವನದು! ಊಟ ಬಿಟ್ಟಾನ, ನಿದ್ದಿ ಬಿಟ್ಟಾನ. ಮೂರು ಸಂಬಂಧ ಮುರಕೊಂಡಾವ್ರಿ ಈ ನಾಟಕದ ಸಲುವಾಗಿ!”

“ಹೌದ್ರಿ, ಹೌದ್ರಿ!” ಎಂದವು ಹನ್ನೊಂದು ದನಿ.

ಮೇಡಂ ನಕ್ಕು ಕಿರುಪುಸ್ತಕ ಮುಚ್ಚಿದರು. “ಎರಡು ನಿಮಿಷದಾಗ ಮಾತು ಹೊಳ್ಳಸಿದ್ರಲ್ಲವ್ವಾ.”

ಉಸ್ಮಾನ್‌ಸಾಬ್ ಮಾಸ್ತರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಕಣ್ಣಲ್ಲಿ ನೀರಿತ್ತು. “ಮೇಡಂ, ಖುದಾನ ಆಣಿ. ನಾಟಕ ಈ ಹುಡುಗಂದು. ನಾ ಬರೇ ಪೆಟ್ಟಿಗಿ ನುಡಿಸೀನಿ.”

ಮೇಡಂ ಎರಡೂ ಕೈ ಎತ್ತಿ ಮುಗಿದರು. “ದೊಡ್ಡವರ್ರಿ ನೀವು. ಊರ ಹುಡುಗಗ ಕೆಲಸ ಸಿಗಲಿ ಅಂತ ಸ್ವಂತ ನಾಟಕ ಬಿಟ್ಟುಕೊಡಾಕತ್ತೀರಿ. ಇಂಥಾ ಗುರುಗಳಽ ನಮ್ಮ ಸಾಲಿಗೆ ಬೇಕು. ವಯಸ್ಸಿನ ಕಟ್ಟೇನೂ ಇಲ್ಲ. ಸೋಮವಾರ ಬಂದು ಕೂಡ್ರಿ.” ಮಾಸ್ತರು ಬೇಡ ಬೇಡ ಎಂದಷ್ಟೂ ಮೇಡಮ್ಮಿಗೆ ಅವರ ದೊಡ್ಡತನ ಹೆಚ್ಚುತ್ತಲೇ ಹೋಯಿತು.

ಚನ್ನವೀರ ಕಾರಿನ ಬಾನೆಟ್ಟಿಗೆ ಒರಗಿ ನಿಂತ. ಮೇಡಂ ಬಾಗಿಲು ತೆರೆದವರು, ಏನೋ ನೆನೆದು ಹಿಂದಿರುಗಿ ಅವನನ್ನೇ ನೋಡಿದರು. ಬಿಳಿ ಅಂಗಿ, ಜೇಬಿನ ಪೆನ್ನು, ವಿಭೂತಿ.

“ಅಂಗಡಿ ಸ್ವಂತದ್ದಾ?”

“ಹ್ಞೂಂ.”

“ಮುದಗಲ್ಲಿನಾಗ ನಿಮ್ಮ ತಾಯಿ ಕಡಿಯೋರು ಅದಾರಂತಲ್ಲ? ನಾವೂ ಅದಽ ಬಳಗ. ನಮ್ಮ ಅಕ್ಕನ ಮಗಳು ಅಶ್ವಿನಿ ಅಂತ, ಡಿಗ್ರಿ ಮುಗಿಸ್ಯಾಳ. ಅರ್ಜಿ ಹಾಕಿದ್ದು ಹುಡುಗಾಟಕಿ ಅನ್ಕೋತೀನಿ, ಆದ್ರ ಹನ್ನೊಂದು ಮಂದಿ ಒಂದಽ ಬಾಯಿಲೆ ಇಷ್ಟು ಹೊಗಳಿದ ಹುಡುಗನ್ನ ನಾ ಎಲ್ಲೂ ನೋಡಿಲ್ಲ. ಅಪ್ಪಾರನ್ನ ಮಾತಾಡಸ್ತೀನಿ.” ದನಿ ತಗ್ಗಿಸಿದರು. “ಒಂದಽ ಕರಾರು. ಇಪ್ಪತ್ತು ವರ್ಷ ನಾ ಈ ರಂಗಭೂಮ್ಯಾಗ ಅದೀನಿ, ನನಗ ಗೊತ್ತೈತಿ. ನಾಟಕದವರಿಗೆ ಮಾತ್ರ ನಮ್ಮ ಹುಡುಗೀನ ಕೊಡಂಗಿಲ್ಲ. ಎಂದೆಂದಿಗೂ ಅದರ ಕಡೆ ಮುಖ ಹಾಕಬಾರದು.”

ಚನ್ನವೀರ ಉತ್ತರಿಸಲು ತುಟಿ ತೆರೆದ. ಏನು ಹೇಳುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ. ಆದಮ್ಮ ಅವನನ್ನು ಮೊಣಕೈಯಿಂದ ಹಿಂದೆ ತಳ್ಳಿ ಮುಂದೆ ಬಂದಿದ್ದಳು.

“ಮೊದಲ ಹೇಳಿದ್ದಽ ಖರೆ ಮೇಡಮ್ಮಾರ! ಇನ್ನ ಮುಂದ ಅಂವ ಕಟ್ಟಿ ಹತ್ತಿದ್ರ ನಾವಽ ಕೈಕಾಲು ಕಟ್ಟಿ ಅಂಗಡ್ಯಾಗ ಕುಂದರಸ್ತೀವಿ. ಇಡೀ ಊರು ಗ್ಯಾರಂಟಿ!”

ಊರು ಹೋ ಎಂದು ಚಪ್ಪಾಳೆ ತಟ್ಟಿತು. ಆ ದಿನ ಚನ್ನವೀರನ ಹೆಸರಿಗೆ ಬಿದ್ದ ಚಪ್ಪಾಳೆ ಅದೊಂದೇ.